ಯಾರಿಗೂ ಗೊತ್ತಾಗದ ಉಳಿತಾಯ

ದೇಶದ ಬೊಕ್ಕಸಕ್ಕೆ ತೂತು ಬಿದ್ದರೆ ತೇಪೆ ಹಾಕಬೇಕಾದವರು ಯಾರು? ಹಣಕಾಸು ಸಚಿವರು ಎಂದು ನೀವು ತಿಳಿದಿದ್ದರೆ ನಿಮಗಿನ್ನೂ ಸರ್ಕಾರಿ ಕಚೇರಿಯ ಗಾಳಿ ಸೋಕಿಲ್ಲ ಎಂದರ್ಥ. ಸಚಿವರು ಮೈಕಿನ ಮುಂದೆ ನಿಂತು, ಬಜೆಟ್ಟಿನ ಕೊರತೆಯನ್ನು ಪೂರ್ತಿ ತುಂಬುತ್ತೇವೆ, ಆದರೆ ಯಾವ ಸಂಸಾರದ ಮೇಲೂ ಹುಲ್ಲುಕಡ್ಡಿಯಷ್ಟೂ ಭಾರ ಹೊರಿಸುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಎರಡು ಮಾತು ಕೊಟ್ಟು ಕಾರು ಹತ್ತಿಬಿಟ್ಟರು. ಆ ಎರಡು ಮಾತುಗಳು ಮೇಜಿನಿಂದ ಮೇಜಿಗೆ ಉರುಳುತ್ತ, ಮುಗ್ಗರಿಸುತ್ತ, ಕೊನೆಗೆ ಮೂರನೇ ಮಹಡಿಯ ಮೂಲೆಯಲ್ಲಿ, ಕಕ್ಕಸಿನ ಪಕ್ಕ ಕೂತಿದ್ದ ಕಿರಿಯ ಗುಮಾಸ್ತನ ತಲೆಯ ಮೇಲೆ ಬಂದು ಬಿದ್ದವು. ಅದಕ್ಕಿಂತ ಕೆಳಗೆ ಬೀಳಲು ಜಾಗವಿರಲಿಲ್ಲ.

ಕಚೇರಿಯಲ್ಲಿ ಅವನ ಹೆಸರೇ ಟೆಂಪರರಿ. ಸೇರಿ ನಾಲ್ಕು ವರ್ಷವಾದರೂ ನೌಕರಿ ಕಾಯಂ ಆಗಿರಲಿಲ್ಲ. (ಅವನ ಸೊಂಟನೋವು ಮಾತ್ರ ಎರಡನೇ ತಿಂಗಳಿಗೇ ಕಾಯಂ ಆಗಿತ್ತು.)

"ನೋಡಯ್ಯ," ಎಂದರು ಮೇಲಧಿಕಾರಿ. "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಮನೆಮಂದಿಗೆ ಗೊತ್ತೇ ಆಗದ ಹಾಗೆ ಉಳಿಸೋ ದಾರಿ ಒಂದು ಹುಡುಕು. ಕಾಯಂ ಮಾಡಿಸ್ತೀನಿ."

"ಸಿಗದೇ ಇದ್ರೆ, ಸಾರ್?"

"ಉಳಿತಾಯ ಎಲ್ಲಿಂದಾದ್ರೂ ಶುರು ಆಗ್ಲೇಬೇಕಲ್ಲ," ಎಂದು ಅವರು ಅವನ ಕುರ್ಚಿಯನ್ನೇ ದಿಟ್ಟಿಸಿದರು.

ಟೆಂಪರರಿಗೆ ಜ್ಞಾನೋದಯವಾದದ್ದು ಮನೆಯ ಅಡುಗೆಕೋಣೆಯಲ್ಲಿ. ದೇಶವೆಂದರೆ ದೊಡ್ಡ ಸಂಸಾರ. ಹಾಗಾದರೆ ಸಂಸಾರವೆಂದರೆ ಸಣ್ಣ ದೇಶ ತಾನೇ? ಅಪ್ಪ, ಅಮ್ಮ, ಅಜ್ಜಿ, ತಂಗಿ: ಇಷ್ಟು ಪ್ರಜೆಗಳು ಪ್ರಯೋಗಕ್ಕೆ ಧಾರಾಳವಾಯಿತು. ಮರುದಿನ ಬೆಳಗ್ಗೆಯೇ ಮಹಾನ್ ಆರ್ಥಿಕ ಸುಧಾರಣೆ ಜಾರಿಗೆ ಬಂತು. ಅಮ್ಮ ಬಟ್ಟೆ ಒಣಹಾಕಲು ಹೋದಾಗ ಟೀಪುಡಿ ಡಬ್ಬಿಯಿಂದ ಎರಡು ಚಮಚ ಪೊಟ್ಟಣ ಕಟ್ಟಿ ತನ್ನ ಚೀಲಕ್ಕೆ ಸೇರಿಸಿದ. ಬಟ್ಟೆ ಸೋಪಿನ ಬಿಲ್ಲೆಯಿಂದ ತೆಳ್ಳಗೆ ಒಂದು ಹೋಳು ಕೊಯ್ದ. ಹಾಲಿನ ಪಾತ್ರೆಯಿಂದ ಅರ್ಧ ಲೋಟ ಎತ್ತಿದ. ಅದನ್ನು ಎಲ್ಲಿಡುವುದೆಂದು ತೋಚದೆ ಪಕ್ಕದ ಮನೆಯ ಬೆಕ್ಕಿಗೆ ಸುರಿದ. (ಬೆಕ್ಕು ಪ್ರಜೆಯಲ್ಲ, ಫಲಾನುಭವಿ.) ಕಳ್ಳತನಕ್ಕೆ ಇಷ್ಟು ಗೌರವದ ಹೆಸರುಗಳಿವೆಯೆಂದು ಅವನಿಗೆ ಆವರೆಗೆ ತಿಳಿದಿರಲಿಲ್ಲ.

ಒಂದು ವಾರ ಕಳೆಯಿತು. ಯಾರೂ ಚಕಾರ ಎತ್ತಲಿಲ್ಲ. ಅಜ್ಜಿ ಎಂದಿನಂತೆ ಸೊರ್ರೆಂದು ಟೀ ಹೀರಿ "ಅಬ್ಬ, ಜೀವ ಬಂತು" ಎಂದರು. ಟೆಂಪರರಿಗೆ ಎದೆಯುಬ್ಬಿತು. ವರದಿ ಬರೆದ: "ಕುಟುಂಬದ ಯಾವೊಬ್ಬ ಸದಸ್ಯನಿಗೂ ಉಳಿತಾಯದ ವಾಸನೆ ಬಡಿದಿಲ್ಲ. ಟೀ ಮೊದಲಿನಷ್ಟೇ ಗಟ್ಟಿಯಾಗಿದೆ. ಸ್ವತಃ ಕುಡಿದು ಪರೀಕ್ಷಿಸಿದ್ದೇನೆ."

ಮೇಲಧಿಕಾರಿ ಎಷ್ಟು ಹಿಗ್ಗಿದರೆಂದರೆ, "ಭಾನುವಾರ ನಿಮ್ಮನೆಗೇ ಬರ್ತೀನಿ ಕಣಯ್ಯ. ಕಣ್ಣಾರೆ ನೋಡಿ ಸಚಿವರಿಗೆ ಹೇಳ್ಬೇಕು" ಎಂದರು.

ಬಂದರು. ಅಮ್ಮ ತಟ್ಟೆಯಲ್ಲಿ ಟೀ ಲೋಟಗಳನ್ನಿಟ್ಟುಕೊಂಡು ಬಂದರು. ಅಧಿಕಾರಿ ಕೈಗೆ ಹತ್ತಿರವಿದ್ದ ಲೋಟಕ್ಕೇ ಕೈಹಾಕಿದರು.

"ಅಯ್ಯೋ, ಅದಲ್ಲ ಸಾರ್!" ಎಂದು ಅಮ್ಮ ಕೂಗುವಷ್ಟರಲ್ಲಿ ಒಂದು ಗುಟುಕು ಒಳಗೆ ಹೋಗಿತ್ತು. ಅಧಿಕಾರಿಯ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು.

"ಏನಮ್ಮ ಇದು?"

"ಅದು ನನ್ನ ಮಗಂದು, ಸಾರ್. ನಿಮ್ದು ಈ ಕಡೇದು."

"ಯಾಕಮ್ಮ, ನನ್ನ ಟೀಗೇನಾಗಿದೆ?" ಎಂದ ಟೆಂಪರರಿ.

ತಂಗಿ ಕಿಸಕ್ಕನೆ ನಕ್ಕಳು. "ಅದು ಟೀ ಅಲ್ಲ ಅಣ್ಣ, ಟೀ ನೆನಪು."

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ನಿಂತರು. "ಇರುವೆ ಸಕ್ಕರೆ ಹೊತ್ಕೊಂಡು ಹೋದ್ರೂ ನನಗೆ ಗೊತ್ತಾಗುತ್ತೆ, ಇವನು ಡಬ್ಬಿಗೆ ಕೈ ಹಾಕಿದ್ದು ಗೊತ್ತಾಗಲ್ವಾ? ಮೊದಲ್ನೇ ದಿನವೇ ನೋಡ್ದೆ. ಕೆಲ್ಸ ಕಾಯಂ ಇಲ್ಲ, ಆಫೀಸಲ್ಲಿ ಟೀನೂ ಕೊಡಲ್ವೇನೋ ಪಾಪ ಅಂತ ಸುಮ್ಮನಾದೆ. ಹಾಗಂತ ಅತ್ತೆಗೆ ಬಿಸಿನೀರು ಕುಡಿಸೋಕಾಗುತ್ತಾ? ಎಲ್ಲರಿಗೂ ಸೋಸಿ ಕೊಟ್ಟು, ಉಳಿದ ಚರಟಾನೇ ಇನ್ನೊಂದ್ಸಲ ಕುದಿಸಿ ಇವನಿಗೆ ಕೊಟ್ಟೆ. ಮೊಬೈಲ್ ನೋಡ್ಕೊಂಡು ಗಟಗಟ ಕುಡಿದ."

"ನನ್ನ ಷರಟುಗಳು?"

"ಬರೀ ನೀರಲ್ಲಿ ಜಾಲಾಡ್ತಿದ್ದೆ."

"ಅಪ್ಪಾ, ನೀವಾದ್ರೂ ಹೇಳ್ಬಾರ್ದಿತ್ತಾ?"

"ನನ್ನ ಟೀ ಗಟ್ಟಿಯಾಗೇ ಬರ್ತಿತ್ತಲ್ಲೋ," ಎಂದರು ಅಪ್ಪ, ಪತ್ರಿಕೆಯ ಹಿಂದಿನಿಂದ. "ನಾನ್ಯಾಕೆ ಬಾಯಿ ಬಿಡ್ಲಿ?"

"ಹಾಲಿಗೆ ನೀರು ಬೆರೆಸಿದ್ರೆ ಬೆಕ್ಕಿಗೂ ಗೊತ್ತಾಗುತ್ತೆ ಕಣೋ ಮಗ," ಎಂದು ಅಜ್ಜಿ ಕನಿಕರದಿಂದ ಸೇರಿಸಿದರು.

ಟೆಂಪರರಿಯ ಕಣ್ಣೆದುರಿಗೇ ಕಾಯಂ ನೌಕರಿ ರೆಕ್ಕೆ ಕಟ್ಟಿಕೊಂಡು ಕಿಟಕಿಯಿಂದ ಹಾರತೊಡಗಿತು. ಆದರೆ ಅಧಿಕಾರಿಯ ಕಣ್ಣುಗಳು ಬೇರೆಯೇ ಬೆಳಕಿನಲ್ಲಿ ಹೊಳೆಯುತ್ತಿದ್ದವು. ಅವರು ಎದ್ದು ಅಮ್ಮನಿಗೆ ಕೈಮುಗಿದರು.

"ತಾಯಿ, ನಮ್ಮ ಇಲಾಖೆ ಇಷ್ಟು ವರ್ಷ ಹುಡುಕಿದ್ದು ನಿಮ್ಮ ಒಲೆ ಮೇಲಿತ್ತು! ಭಾರ ಎಲ್ಲೂ ಹೋಗಲ್ಲ. ಗೊತ್ತಾಗದವನ ತಲೆಗೆ ಅದನ್ನ ದಾಟಿಸ್ಬೇಕು, ಅಷ್ಟೇ! ಸಂಸಾರಗಳಿಗೆ ಪೂರ್ತಿ ಮಾಫಿ. ಸಂಬಳ ತರೋ, ಮದುವೆಯಾಗದ, ಅಮ್ಮನ ಮನೇಲೇ ಉಣ್ಣೋ ಗಂಡುಮಕ್ಕಳಿಗೆ ಮಾತ್ರ ಒಂದು ತೆರಿಗೆ. ಅವರು ಸಂಸಾರಸ್ಥರೂ ಅಲ್ಲ, ಅವರಿಗೆ ಗೊತ್ತಾಗೋದೂ ಇಲ್ಲ!" ಆಮೇಲೆ ಟೆಂಪರರಿಯತ್ತ ತಿರುಗಿದರು. "ಆದ್ರೆ ಬರವಣಿಗೇಲಿ ಒಂದು ಸಾಕ್ಷಿ ಬೇಕು. ನಿಜ ಹೇಳಯ್ಯ. ಆ ವಾರವೆಲ್ಲ ನಿನಗೇನಾದ್ರೂ ವ್ಯತ್ಯಾಸ ಗೊತ್ತಾಯ್ತಾ?"

ಇತ್ತ ದರಿ, ಅತ್ತ ಪುಲಿ. ಗೊತ್ತಾಯಿತು ಎಂದರೆ ವರದಿ ಸುಳ್ಳು, ಕುರ್ಚಿ ಖಾಲಿ. ಗೊತ್ತಾಗಲಿಲ್ಲ ಎಂದರೆ ತೆರಿಗೆ ತನ್ನ ಕುತ್ತಿಗೆಗೇ. ಅಮ್ಮ ಮೊಣಕೈಯಿಂದ ತಿವಿದರು. "ಹೇಳೋ, ಕಾಯಂ ಮಾಡ್ತಾರಂತೆ!"

"ಇಲ್ಲ ಸಾರ್," ಎಂದ ಟೆಂಪರರಿ. "ಎಳ್ಳಷ್ಟೂ ಗೊತ್ತಾಗಲಿಲ್ಲ." ಹಾಗೆಂದು ಬರೆದು ಸಹಿಯನ್ನೂ ಹಾಕಿದ.

ಬಜೆಟ್ಟಿನ ದಿನ ಸಚಿವರು ಎರಡೂ ಮಾತು ಉಳಿಸಿಕೊಂಡರು. ಸಂಸಾರಗಳು ಚಪ್ಪಾಳೆ ತಟ್ಟಿದವು. ಎಲ್ಲಕ್ಕಿಂತ ಜೋರಾಗಿ ಟೆಂಪರರಿಯ ಮನೆಯಲ್ಲಿ. ಕಾಯಂ ಆದೇಶವೂ ಕೈಸೇರಿತು. ತಿಂಗಳ ಕೊನೆಗೆ ಕಾಯಂ ನೌಕರನ ಗತ್ತಿನಲ್ಲಿ ಮೊದಲ ಸಂಬಳದ ಚೀಟಿ ಬಿಚ್ಚಿ ನೋಡಿದರೆ, ಹೊಸ ತೆರಿಗೆ ಮುರಿದುಕೊಂಡು ಬಂದಿದ್ದ ಮೊತ್ತ ಟೆಂಪರರಿ ಕಾಲದ್ದಕ್ಕಿಂತ ಕಡಿಮೆ! ಓಡುತ್ತ ಸಂಬಳ ವಿಭಾಗದ ಕಿಟಕಿಗೆ ಹೋದ.

"ಇದೇನ್ರೀ, ಇಷ್ಟೊಂದು ಕಮ್ಮಿ ಬಂದಿದೆ?"

ಕ್ಯಾಷಿಯರ್ ಕನ್ನಡಕ ಮೂಗಿಗಿಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ನಿಮಗೆ ಗೊತ್ತಾಯ್ತಾ? ಗೊತ್ತಾಗಲ್ಲ ಅಂತ ಸಹಿ ಹಾಕಿ ಕೊಟ್ಟೋರು ನೀವೇ ಅಲ್ವಾ? ಹಾಗಾದ್ರೆ ಆ ವರದಿ ಸುಳ್ಳು ಅಂತ ಮೇಲಕ್ಕೆ ಬರೆದು ಕಳಿಸ್ಲಾ?"

ಕಾಯಂ ನೌಕರ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಬೇಡ ಬೇಡ. ಎಲ್ಲಾ ಸರಿಯಾಗೇ ಇದೆ ಅಂತ ಹೇಳಿ ಹೋಗೋಣ ಅಂತ ಬಂದೆ," ಎಂದ.