ಗುಂಡಿ ಒತ್ತಿದರೆ ಸಾಕು!

"ಈ ಸಲ ಕಾರ್ಮೆನ್ ಮಾತೆಯ ಹಬ್ಬಕ್ಕೆ ನನ್ನ ಬೈಕು ಗುಂಡಿ ಒತ್ತಿದ ಕೂಡಲೇ ಹೊರಡದಿದ್ದರೆ, ನನ್ನ ಮೀಸೆಯನ್ನು ನಾನೇ ಬೋಳಿಸಿಕೊಳ್ತೀನಿ!"

ಗ್ವಾಮೊ ಊರಿನ ಕ್ಷೌರಿಕ ಎವೆಲಿಯೊ ಹೀಗೆಂದು ಘೋಷಿಸಿದಾಗ ಅವನ ಕೈಯಲ್ಲಿ ಕತ್ತಿಯೂ, ಆ ಕತ್ತಿಯ ಕೆಳಗೆ ಔಷಧಿ ಅಂಗಡಿಯ ಅರ್ನುಲ್ಫೊನ ಗಂಟಲೂ ಇದ್ದವು. ಅರ್ನುಲ್ಫೊ ಉಸಿರು ಬಿಗಿಹಿಡಿದೇ ನಕ್ಕ. ಒಂದು ಕಾಲದಲ್ಲಿ ನೊಹೇಮಿಯನ್ನು ಮದುವೆಯಾಗಲು ಹೂಗುಚ್ಛ ಹಿಡಿದು ಬಂದು, ಅವಳು ಎವೆಲಿಯೊನನ್ನು ಒಪ್ಪಿದ್ದರಿಂದ ಹೂವಿನ ಸಮೇತ ವಾಪಸಾದವನು ಅವನೇ. ಈಗ ಅವನ ಬಳಿ ಹೊಸ ಕೆಂಪು ಬೈಕಿತ್ತು.

ಎವೆಲಿಯೊನ ಬೈಕಿನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ನೋಹನ ನಾವೆಯಿಂದ ಇಳಿದ ಪ್ರಾಣಿಗಳಲ್ಲಿ ಕೊನೆಯದು ಅದೇ ಎಂದು ಊರವರು ನಂಬಿದ್ದರು. ಕಿಕ್ಕರ್ ಮುರಿದು ಯಾವುದೋ ಕಾಲವಾಗಿತ್ತು. ಸ್ಟಾರ್ಟರ್ ಅದಕ್ಕೂ ಮೊದಲೇ ಕಣ್ಣು ಮುಚ್ಚಿತ್ತು. ಇಳಿಜಾರಿನಲ್ಲಿ ಉರುಳಿಸೋಣವೆಂದರೆ ಗ್ವಾಮೊ ರೊಟ್ಟಿ ತಟ್ಟುವ ಹಲಗೆಯಂಥ ಊರು, ನಿಂಬೆಹಣ್ಣು ಬಿದ್ದರೆ ಬಿದ್ದಲ್ಲೇ ಕೊಳೆಯುತ್ತದೆ. ಹೀಗಾಗಿ ಪ್ರತಿ ವರ್ಷ, ಸವಾರರನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬದ ದಿನ ಊರಿನ ವಾಹನಗಳೆಲ್ಲ ಬಲೂನು ಕಟ್ಟಿಕೊಂಡು, ಹಾರನ್ ಬಾರಿಸುತ್ತ ಆಶೀರ್ವಾದಕ್ಕೆ ಚರ್ಚಿಗೆ ಹೊರಟಾಗ, ನೊಹೇಮಿ ಹೊಸ ಲಂಗ ತೊಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ, ಹಿಂದಿನಿಂದ ತಳ್ಳುತ್ತಿದ್ದಳು.

"ನೋಡು ಮಾರಾಯ," ಆ ಸಂಜೆ ನೊಹೇಮಿ ಹೇಳಿದಳು, "ಈ ವರ್ಷ ನಾನು ಇದನ್ನ ತಳ್ಳೋ ಹಾಗಾದ್ರೆ, ಸೀದಾ ಹೋಗಿ ಅರ್ನುಲ್ಫೊನ ಬೈಕಿನ ಹಿಂದೆ ಕೂತುಬಿಡ್ತೀನಿ. ಇಡೀ ಊರು ನೋಡಲಿ!"

ಎವೆಲಿಯೊನ ಎದೆಯಲ್ಲಿ ಏನೋ ಕಳಚಿ ಬಿತ್ತು. ಆದರೂ ಮೀಸೆ ತಿರುವಿದ. "ತಲೆ ಕೂದಲನ್ನೇ ದಾರಿಗೆ ತಂದ ಕೈ ಕಣೇ ಇದು. ಒಂದು ಸ್ಟಾರ್ಟರ್ ಏನು ಮಹಾ!"

ಮನೆಯಲ್ಲಿದ್ದುದು ಒಂದೇ ಮೇಜು. ಅದರ ಒಂದು ತುದಿಯಲ್ಲಿ ನೊಹೇಮಿ ಹಬ್ಬದ ತಮಾಲ್ ಕಡುಬುಗಳನ್ನು ಬಾಳೆಲೆಯಲ್ಲಿ ಕಟ್ಟಿ ಗುಡ್ಡೆ ಹಾಕುತ್ತಿದ್ದಳು. ಇನ್ನೊಂದು ತುದಿಯಲ್ಲಿ ಎವೆಲಿಯೊ ಸ್ಟಾರ್ಟರಿನ ಹೊಟ್ಟೆ ಸೀಳಿದ. ಒಳಗೆ ಕಲ್ಲಿದ್ದಲ ಗಣಿಯೇ ಇತ್ತು! ಗಿರಾಕಿಗಳ ಕೆನ್ನೆಗೆ ಹಚ್ಚುವ ಸುಗಂಧದ ನೀರಿನಿಂದ ತಾಮ್ರವನ್ನು ತೊಳೆದ. ಸವೆದ ಕಾರ್ಬನ್ ತುಂಡುಗಳನ್ನು ತೆಗೆದು, ಪೇಟೆಯಿಂದ ತಂದ ಹೊಸವನ್ನು ಕತ್ತಿಯಿಂದ ಹೆರೆದು ಕೂರಿಸಿದ. ಗಲ್ಲಕ್ಕೆ ಪೌಡರ್ ಹಚ್ಚುವುದೊಂದು ಬಾಕಿ, ಅಷ್ಟರಲ್ಲಿ "ಟಿಂಗ್" ಎಂದಿತು. ಕಾರ್ಬನ್ನನ್ನು ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗು ಹಾರಿತು.

ಎಲ್ಲಿಗೆ? ದಿಕ್ಕು ನೋಡಿದರೆ ಕಡುಬಿನ ಗುಡ್ಡೆಗೇ.

ನೊಹೇಮಿ ಹಿತ್ತಲಿಗೆ ಹೋದದ್ದೇ ತಡ, ಎವೆಲಿಯೊ ಕಡುಬು ಬಿಚ್ಚತೊಡಗಿದ. ಒಂದರಲ್ಲಿ ಕೋಳಿಕಾಲು, ಒಂದರಲ್ಲಿ ಬಟಾಣಿ, ಮತ್ತೊಂದರಲ್ಲಿ ಕ್ಯಾರೆಟ್. ಕೊನೆಯ ಕಡುಬಿನ ಕರುಳನ್ನು ಬೆರಳಿನಿಂದ ಜಾಲಾಡುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

"ಏನು ಹುಡುಕ್ತಿದೀಯಾ?"

"ಸ್ಪ್ರಿಂಗು."

"ನನ್ನ ತಮಾಲ್‌ನಲ್ಲಿ?"

"ಹಾರಿ ಬಂತು ಕಣೇ..."

"ನಿನ್ನ ಬುದ್ಧೀನೂ ಹೀಗೇ ಹಾರಿ ಹೋಗಿದ್ದಾ? ಅದನ್ನೂ ಹುಡುಕು, ಯಾವ ಕಡುಬಲ್ಲಿದೆಯೋ!" ನೊಹೇಮಿ ಹತ್ತಿರ ಬಂದು, ಅವನ ಮೀಸೆಗೆ ಕೈ ಹಾಕಿ, ಎಣ್ಣೆಯಲ್ಲಿ ಅಂಟಿ ಕೂತಿದ್ದ ಸ್ಪ್ರಿಂಗನ್ನು ಕಿತ್ತು ಅವನ ಅಂಗೈಗೆ ಬಡಿದಳು. ಜೊತೆಗೆ ನಾಲ್ಕು ಕೂದಲೂ ಬಂದವು. ರಾತ್ರಿಯೂಟಕ್ಕೆ ಅವನಿಗೆ ಸಿಕ್ಕಿದ್ದು ಬಿಚ್ಚಿದ ಕಡುಬುಗಳು, ಮೂರು ದಿನ.

ಆದರೆ ದೇವರಿದ್ದಾನೆ! ಎಲ್ಲ ಜೋಡಿಸಿ ಗುಂಡಿ ಒತ್ತಿದರೆ, "ಕುರ್‌ರ್‌ರ್... ಭುಡ್ ಭುಡ್ ಭುಡ್!" ಸತ್ತ ಆನೆ ಎದ್ದು ಘೀಳಿಟ್ಟಿತು. ಕೊನೆಯಲ್ಲಿ ಹ್ಯಾಂಡಲಿನ ಗುಂಡಿಯ ಮುಚ್ಚಳವೊಂದು ಎಲ್ಲೂ ಸೇರದೆ ಉಳಿಯಿತು. ತಾಮ್ರದ ತಂತಿಗಳು ಬೆತ್ತಲೆಯಾಗಿ ಇಣುಕುತ್ತಿದ್ದವು. "ಇರಲಿ ಬಿಡು, ಸೆಕೆಗಾಲ, ಗಾಳಿಯಾಡಲಿ," ಎಂದು ಮುಚ್ಚಳವನ್ನು ಜೇಬಿಗಿಳಿಸಿದ. ಹಬ್ಬದವರೆಗೂ ಅವನ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಂಡವರಿಗೆಲ್ಲ ಒಮ್ಮೆ ಬೈಕು ಚಾಲೂ ಆಗುವುದನ್ನು ನೋಡುವ ಭಾಗ್ಯ. ಬೋಳುತಲೆಯವರೂ ಸಾಲು ನಿಂತರು!

ಹಬ್ಬದ ಬೆಳಿಗ್ಗೆ ಗುಂಡಿ ಒತ್ತಿದ, ಹೊರಟಿತು. ನೊಹೇಮಿ ಹಸಿರು ಲಂಗದಲ್ಲಿ, ಅದೇ ಎತ್ತರದ ಚಪ್ಪಲಿಯಲ್ಲಿ ರಾಣಿಯಂತೆ ಹಿಂದೆ ಕೂತು ಅವನ ಸೊಂಟ ಬಳಸಿದಳು. "ಪರವಾಗಿಲ್ಲ ಕಣೋ," ಎಂದಳು. ಮದುವೆಯ ದಿನವೂ ಅವಳು ಅವನನ್ನು ಇಷ್ಟು ಹೊಗಳಿರಲಿಲ್ಲ.

ಚರ್ಚಿನ ಮುಂದೆ ಪಾದ್ರಿ ಹೆರಿಬೆರ್ತೊ ಬಕೆಟ್ಟು, ಪೊರಕೆ ಹಿಡಿದು ನಿಂತಿದ್ದರು. ಬಕೆಟ್ಟಿನಲ್ಲಿ ಉಪ್ಪು ಹಾಕಿ ಮಂತ್ರಿಸಿದ ಪವಿತ್ರ ಜಲ. ಪಾದ್ರಿಗಳ ಕೈ ಬಲು ಧಾರಾಳ. ಅವರಿಂದ ಆಶೀರ್ವಾದ ಪಡೆದ ಬಸ್ಸಿನೊಳಗೆ ಜನ ಕೊಡೆ ಬಿಚ್ಚಿ ಕೂರುತ್ತಿದ್ದರು.

ಇಲ್ಲಿ ಎವೆಲಿಯೊನ ತಲೆಗೆ ಹಮ್ಮೇರಿತು. ಊರೆಲ್ಲ ನೋಡುವಂತೆ ಮತ್ತೊಮ್ಮೆ ಗುಂಡಿ ಒತ್ತಬೇಕಲ್ಲ! ಬ್ರೇಕು ಒತ್ತಿ, ಕ್ಲಚ್ಚು ಬಿಟ್ಟು ಇಂಜಿನ್ ಆರಿಸಿದ. ಅವಸರದಲ್ಲಿ ಬೈಕು ಗೇರಿನಲ್ಲೇ ಉಳಿಯಿತು, ಚಾವಿ ಚಾಲೂ ಆಗೇ ಇತ್ತು. "ಮುಂದೆ ಸರಿದು ಹ್ಯಾಂಡಲ್ ಹಿಡ್ಕೊ," ಎಂದು ನೊಹೇಮಿಗೆ ಹೇಳಿ, ಕೆಳಗಿಳಿದು ಮೊಣಕಾಲೂರಿದ.

"ಪಾದ್ರಿಗಳೇ, ಬೇರೆಲ್ಲಾ ಬೇಡ, ಇಲ್ಲಿ! ಈ ಗುಂಡಿ ಮೇಲೆ! ಧಾರಾಳವಾಗಿ!"

"ಸ್ಟಾರ್ಟರಿಗೆ ಅಂತಲೇ ಆಶೀರ್ವಾದ ಕೇಳಿದೋನು ನೀನೊಬ್ಬನೇ ಕಣಪ್ಪಾ," ಎಂದು ಪಾದ್ರಿಗಳು ಸಂತೋಷದಿಂದ ಪೊರಕೆ ಬಿಟ್ಟು ಬಕೆಟ್ಟನ್ನೇ ಎತ್ತಿದರು.

ಉಪ್ಪುನೀರು ಬೆತ್ತಲೆ ತಂತಿಗಳ ಮೇಲೆ ಬಿದ್ದದ್ದೇ, "ಕುರ್‌ರ್‌ರ್!" ಯಾರೂ ಮುಟ್ಟದ ಬೈಕು ತಾನಾಗಿ ಜಿಗಿದು ಹೊರಟಿತು! "ಪವಾಡ!" ಎಂದು ಮುದುಕಿಯೊಬ್ಬಳು ಕೂಗಿದಳು. ಬ್ಯಾಂಡಿನವರು ಬಾರಿಸಲು ಶುರುಮಾಡಿದರು.

"ಎವೆಲಿಯೊ! ನಿಲ್ಲಿಸೋದು ಹೇಗೋ ಪಾಪಿ!"

"ಬ್ರೇಕು!"

"ಎಲ್ಲಿದೆ ಬ್ರೇಕು?"

ಹೇಗೆ ಗೊತ್ತಿರಬೇಕು? ಅವಳಿಗೆ ಆ ಬೈಕಿನ ಹಿಂಭಾಗ ಮಾತ್ರ ಪರಿಚಯ! ಬಲೂನುಗಳು ಢಂ ಢಂ ಎಂದು ಒಡೆಯುತ್ತಿದ್ದಂತೆ ಅವಳು ಚೌಕದ ಕಾರಂಜಿಯನ್ನು ಒಂದು ಸುತ್ತು ಹಾಕಿದಳು. ಎರಡನೆಯ ಸುತ್ತಿನಲ್ಲಿ, ಹೊಸ ಬೈಕನ್ನು ಕಾಪಾಡಲು ಅಡ್ಡ ನಿಂತ ಅರ್ನುಲ್ಫೊ ಕಾರಂಜಿಗೇ ಹಾರಿದ. ಕಡೆಗೆ ಸೀಟಿನ ಕೆಳಗಿನಿಂದ ಹೊಗೆ ಬಂತು, ಏನೋ ಚಿಟಿಲ್ ಎಂದಿತು. ಸ್ಟಾರ್ಟರು, ಬ್ಯಾಟರಿ, ಇಂಜಿನ್ ಮೂರೂ ಒಟ್ಟಿಗೆ ಸ್ವರ್ಗಸ್ಥವಾದವು.

ಅರ್ನುಲ್ಫೊ ನೀರು ತೊಟ್ಟಿಕ್ಕಿಸುತ್ತ ಎದ್ದು ಬಂದು, ಬಾಗಿ, ಕೈ ಚಾಚಿದ. "ಬಾ ನೊಹೇಮಿ. ನನ್ನದು ಒಂದೇ ಸಲಕ್ಕೆ ಹೊರಡುತ್ತೆ."

ಎವೆಲಿಯೊ ಮೀಸೆಯನ್ನೊಮ್ಮೆ ಮುಟ್ಟಿಕೊಂಡ. ಜೇಬಿನೊಳಗೆ ಆ ಮುಚ್ಚಳ ಚುಚ್ಚುತ್ತಿತ್ತು. ಮೀಸೆ ಹೋದರೆ ಹೋಗಲಿ, ಮತ್ತೆ ಬೆಳೆಯುತ್ತದೆ. ನೊಹೇಮಿ ಹೋದರೆ?

ನೊಹೇಮಿ ಆ ಒದ್ದೆ ಕೈಯನ್ನು ನೋಡಿದಳು. ಕೆಂಪು ಬೈಕನ್ನು ನೋಡಿದಳು. ತಾನು ಕೂತ ಸೀಟನ್ನು ಒಮ್ಮೆ ಒತ್ತಿ ನೋಡಿದಳು. ಇಷ್ಟು ವರ್ಷಗಳಲ್ಲಿ ಮುಂದಿನ ಸೀಟಿನಿಂದ ಊರು ಹೇಗೆ ಕಾಣುತ್ತದೆಂದು ಅವಳು ನೋಡಿದ್ದು ಅದೇ ಮೊದಲು.

"ನೀನು ಮೊದಲು ಹೋಗಿ ಮೈ ಒರೆಸ್ಕೊ ಅರ್ನುಲ್ಫೊ, ನೆಗಡಿಯಾದೀತು," ಎಂದು, ಗಂಡನತ್ತ ತಿರುಗಿದಳು. "ನೀನೇನು ಕಂಬದ ಹಾಗೆ ನಿಂತಿದೀಯಾ? ಹೋಗು ಹಿಂದಕ್ಕೆ."

"ಹಿಂದೆ... ಎಲ್ಲಿಗೆ?"

"ಪ್ರತಿ ವರ್ಷ ನಾನು ನಿಲ್ತಿದ್ದೆನಲ್ಲ, ಅಲ್ಲಿಗೆ!"

ಎವೆಲಿಯೊ ಓಡಿದ. ಬೈಕಿನ ಹಿಂಭಾಗಕ್ಕೆ ಭುಜ ಕೊಟ್ಟು, ಕಣ್ಣೀರೋ ಬೆವರೋ ತಿಳಿಯದಂತೆ, ದೇವರಿಗೆ ಕೃತಜ್ಞತೆ ಹೇಳುತ್ತ ಮನೆಯ ದಾರಿಯುದ್ದಕ್ಕೂ ತಳ್ಳಿದ. ಔಷಧಿ ಅಂಗಡಿಯ ಮೂಲೆ ತಲುಪುವಷ್ಟರಲ್ಲಿ ಅವನ ನಾಲಗೆ ಹೊರಬಿದ್ದಿತ್ತು. ನೊಹೇಮಿ ಲಂಗ ಸರಿಪಡಿಸಿಕೊಂಡು, ಎರಡೂ ಬದಿಯ ಜನಕ್ಕೆ ಕೈಬೀಸುತ್ತ, ತಿರುಗಿಯೂ ನೋಡದೆ ಹೇಳಿದಳು:

"ಇನ್ನೂ ಜೋರಾಗಿ ತಳ್ಳೋ! ಈ ಚಪ್ಪಲಿ ಹಾಕ್ಕೊಂಡೇ ನಾನು ಇದಕ್ಕಿಂತ ಜೋರಾಗಿ ತಳ್ತಿದ್ದೆ!"