ಮುಂದಿನ ಸಾಲು ಓದದ ನಮ್ಮ ಮಾವ

ನಮ್ಮ ಮಾವನಷ್ಟು ಕತೆ ಬರೆದವರು ಕನ್ನಡ ನಾಡಿನಲ್ಲಿ ಮತ್ತೊಬ್ಬರಿಲ್ಲ. ಎದೆ ತಟ್ಟಿ ಹೇಳುತ್ತೇನೆ! ಒಂದೇ ಒಂದು ಸಣ್ಣ ಕೊರತೆ ಎಂದರೆ, ಅವರ ಯಾವ ಕತೆಯೂ ಮೂರು ಪದ ದಾಟಿಲ್ಲ. ತಲೆಬರಹ ಇದೆ, ಅದರ ಕೆಳಗೆ ಏನೂ ಇಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಹಳೆಯ ಕಾವ್ಯಗಳ ಸಾಲುಗಳಲ್ಲಿ ಕತೆಗೆ ತಲೆಬರಹ ಹುಡುಕುವುದು ಅವರ ಹವ್ಯಾಸ. ಹವ್ಯಾಸ ಎಂದರೆ ಸಿಟ್ಟಾಗುತ್ತಾರೆ, ಕಸುಬು ಎನ್ನಬೇಕು. ಹೊಟ್ಟೆಪಾಡಿಗೆ ಚನ್ನಪಟ್ಟಣದಲ್ಲಿ ಪಾಷಾ ಭಾಯಿಯವರ ಜೊತೆ ಪಾಲಿನಲ್ಲಿ ಮರದ ಗೊಂಬೆ ಮಾಡುತ್ತಾರಲ್ಲ, ಅದು ಹವ್ಯಾಸವಂತೆ! “ಹಿಂದಿನೋರು ತಾಳೆಗರಿ ಮ್ಯಾಲೆ ಕಾವ್ಯ ಬರುದ್ರು. ನಾನು ತಾಳೆಗರೀಲಿ ಬುಗುರಿ ಉಜ್ಜಿ ಹೊಳಪು ಕೊಡ್ತೀನಿ. ಅವರಿಗೂ ನನಗೂ ಏನ್ ಮಹಾ ವ್ಯತ್ಯಾಸ?” ಎಂದು ಕೇಳುತ್ತಾರೆ. 

ಅವರು ತಲೆಬರಹ ಹಿಡಿಯುವ ಕ್ರಮ ನೋಡಬೇಕು. ಕಾವ್ಯ ತೆರೆದು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಬೆರಳಿಟ್ಟು ಓದುತ್ತ ಹೋಗುತ್ತಾರೆ. ಎಲ್ಲೋ ಒಂದು ಅರ್ಧ ಸಾಲು ಕಣ್ಣಿಗೆ ಬೀಳುತ್ತದೆ. “ಸಿಕ್ತು!” ಎಂದು ಕೂಗುತ್ತಾರೆ. ಬೀದಿಯ ನಾಯಿಗಳು ಎದ್ದು ನಿಲ್ಲುತ್ತವೆ. ಅಷ್ಟಕ್ಕೇ ಪುಸ್ತಕ ಮುಚ್ಚಿಬಿಡುತ್ತಾರೆ. ಮುಂದಿನ ಸಾಲನ್ನು ಜಪ್ಪಯ್ಯ ಅಂದರೂ ಓದುವುದಿಲ್ಲ!

“ಯಾಕೆ ಮಾವ?” ಎಂದು ಒಮ್ಮೆ ಕೇಳಿದ್ದೆ.

“ಮುಂದುಕ್ ಓದುದ್ರೆ ಅದು ಆ ಕವಿ ಕತೆ ಆಗೋಯ್ತದೆ ಕಣವ್ವ. ಅರ್ಧಕ್ಕೆ ಬುಟ್ರೆ ನಂದು!”

ಈ ನಿಯಮದಿಂದ ಆದ ಅನಾಹುತಗಳು ಒಂದೆರಡಲ್ಲ. ಮಾಗಡಿಯಲ್ಲಿ ನಮ್ಮ ನೆಂಟರ ಹುಡುಗನ ಮದುವೆ. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಏನಾದರೂ ಚೆಂದದ ಮಾತು ಹಾಕಿಸಬೇಕೆಂದು ಅವರು ಮಾವನನ್ನು ಕೇಳಿಕೊಂಡರು. ಕೇಳಿದ್ದೇ ತಪ್ಪು. ಮಾವ ಎರಡು ದಿನ ಊಟ ತಿಂಡಿ ಬಿಟ್ಟು ಹುಡುಕಿ, “ಕೈ ಹಿಡಿದು ಕರೆದೊಯ್ವನೀಗ” ಎಂಬ ಅರ್ಧ ಸಾಲನ್ನು ಕೊಟ್ಟರು. ಬಂಗಾರದ ಬಣ್ಣದಲ್ಲಿ ಅಚ್ಚಾಯಿತು. ಓದಿದವರೆಲ್ಲ ತಲೆದೂಗಿದರು. ಆದರೆ ಹೆಣ್ಣಿನ ಕಡೆಯಲ್ಲಿ ಒಬ್ಬರು ನಿವೃತ್ತ ಕನ್ನಡ ಪಂಡಿತರಿದ್ದರು. ಛತ್ರದಲ್ಲಿ ಪತ್ರಿಕೆ ನೋಡಿದವರೇ, “ಈ ಸಾಲನ್ನು ಹಾಕಿದ ಮಹಾನುಭಾವರು ಯಾರು? ಇಲ್ಲಿ ಕೈ ಹಿಡಿದು ಕರೆದೊಯ್ಯುವವನು ಯಮ ಕಣ್ರಪ್ಪ!” ಎಂದುಬಿಟ್ಟರು. ಧಾರೆಯ ಹೊತ್ತು ಬೇರೆ! ಹೆಣ್ಣಿನ ತಂದೆ ಕೆಂಡಾಮಂಡಲವಾದರು. ನಮ್ಮ ಮಾವ ಒಂದಿಷ್ಟಾದರೂ ಅಳುಕಿದರೇ? “ನಾನು ಗಂಡು ಹೆಣ್ಣಿನ ಕೈ ಹಿಡಿಯೋ ತಂಕ ಓದಿದ್ದೆ. ಯಮನ್ನ ಮದುವೆ ಮನೆಗೆ ಕರ್ಕಂಬಂದೋರು ನೀವು!” ಎಂದು ಪಂಡಿತರ ಮೇಲೇ ಹರಿಹಾಯ್ದರು. ದಂಪತಿ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ಮಾವನಿಗೆ ಮಾತ್ರ ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ.

ರಾಮನಗರದಲ್ಲಿ ಒಂದು ಸಂಜೆ ಗಮಕ ವಾಚನವಿತ್ತು. ಮಗನನ್ನು ಕಳೆದುಕೊಂಡ ತಾಯಿ ರಣರಂಗದಲ್ಲಿ ಅಳುವ ಪ್ರಸಂಗ. ಗಮಕಿಗಳ ರಾಗಕ್ಕೆ ಸಭೆಯ ಕಣ್ಣೆಲ್ಲ ಒದ್ದೆ. ಸೆರಗಿನಿಂದ ಮೂಗು ಒರೆಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಗ ಮೂರನೆಯ ಸಾಲಿನಿಂದ “ಸಿಕ್ತು!” ಎಂದು ಕೇಳಬೇಕೆ! ಗಮಕಿಗಳ ರಾಗ ಗಕ್ಕನೆ ನಿಂತಿತು. ಪಕ್ಕದಲ್ಲಿದ್ದವರು ಪಾಪ, ಜಮಖಾನೆ ಎತ್ತಿ ನೋಡಿ, “ಏನ್ ಸ್ವಾಮಿ, ಪರ್ಸಾ? ಬೀಗದ ಕೈಯಾ?” ಎಂದು ವಿಚಾರಿಸಿದರು. ಮಾವ ಕಣ್ಣೊರೆಸಿಕೊಳ್ಳುತ್ತ, “ತಲೆಬರಹ” ಎಂದರು. ಅತ್ತಿದ್ದೂ ಅವರೇ, ಕೂಗಿದ್ದೂ ಅವರೇ! ಅಂಥವರನ್ನು ಯಾವ ಬಾಯಿಂದ ಬೈಯುವುದು?

ಇಷ್ಟೆಲ್ಲ ತಲೆಬರಹಗಳನ್ನು ಬರೆದಿಡುವುದೆಲ್ಲಿ? ಕೈಗೆ ಸಿಕ್ಕಿದ ಗೊಂಬೆಯ ತಳದಲ್ಲಿ! ಗೊಂಬೆ ಕಡೆಯುವ ತಿರುಗಣೆ ನಿಲ್ಲಿಸಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ಆನೆಯೋ ಕುದುರೆಯೋ ಯಾವುದು ಸಿಕ್ಕರೆ ಅದರ ಹೊಟ್ಟೆಯ ಕೆಳಗೆ ಗೀಚುತ್ತಾರೆ. ಒಮ್ಮೆ ಹೆದ್ದಾರಿಯ ಪಕ್ಕದ ಅವರ ಅಂಗಡಿಗೆ ಕಾರೊಂದು ವಾಪಸು ಬಂದು ನಿಂತಿತು. ಇಳಿದವರ ಕೈಯಲ್ಲಿ ಬಣ್ಣದ ಮರದ ರೈಲು. “ಏನ್ರೀ ಇದು? ಮಗು ಹುಟ್ಟುಹಬ್ಬಕ್ಕೆ ಅಂತ ತಗೊಂಡರೆ ಕೆಳಗೆ ‘ತಿರುಗಿ ಬಾರದ ಹಾದಿ’ ಅಂತ ಬರೆದಿದೀರಲ್ಲ!” ಪಾಷಾ ಭಾಯಿ ಬೇರೆ ರೈಲು ಕೊಟ್ಟು, ಜೊತೆಗೊಂದು ಬುಗುರಿ ಕೊಟ್ಟು, ಕೈಮುಗಿದು ಕಳಿಸಿದರು. ಆಮೇಲೆ ಒಳಗೆ ಬಂದವರೇ, “ಗೌಡ್ರೆ, ನಿಮ್ಮ ಕಾವ್ಯಕ್ಕೆ ಒಂದ್ ದೊಡ್ಡ ಸಲಾಂ. ನಾಳೆಯಿಂದ ತಾವು ಬರೀ ಕತ್ತೆ ಗೊಂಬೆ ಮ್ಯಾಲೆ ಬರೀರಿ, ಅದನ್ನ ಯಾರೂ ತಗಳಲ್ಲ!” ಎಂದರು. ಮರುದಿನದಿಂದ ಮಾವ ನಿಜವಾಗಿಯೂ ಕತ್ತೆಗಳನ್ನು ಮಾಡತೊಡಗಿದರು. ಅವರ ಜಗುಲಿಯ ಗೂಡಿನ ತುಂಬ ಈಗಲೂ ಸಾಹಿತ್ಯ ಹೊತ್ತ ಕತ್ತೆಗಳು ನಿಂತಿವೆ.

ಇವರ ಹುಚ್ಚನ್ನು ಆಡಿಕೊಳ್ಳುತ್ತಿರುವ ನಾನೇನು ಕಡಿಮೆಯೇ? ನಾನು ಕನಕಪುರದಲ್ಲಿ ಶಾಲೆಯ ಟೀಚರು. ಕತೆ ಬರೆಯುತ್ತೇನೆ. ಕತೆ ಬರುತ್ತದೆ, ತಲೆಬರಹ ಮಾತ್ರ ಬರುವುದಿಲ್ಲ! ನಾನೇ ಹೆಸರಿಟ್ಟ ಮೊದಲ ಕತೆ ‘ಒಂದು ಸಂಜೆ’. ಎರಡನೆಯದು ‘ಇನ್ನೊಂದು ಸಂಜೆ’. ಮೂರನೆಯದಕ್ಕೆ ‘ಮತ್ತೊಂದು’ ಎಂದು ಬರೆಯುವಾಗ ಮಾವ ಪೆನ್ನು ಕಿತ್ತುಕೊಂಡರು. ಅಂದಿನಿಂದ ನನ್ನ ಕತೆಗಳಿಗೆಲ್ಲ ಅವರದೇ ತಲೆಬರಹ. ಓದಿದವರು, “ಕತೆ ಪರವಾಗಿಲ್ಲ ಮೇಡಂ, ಹೆಸರು ಅದ್ಭುತ!” ಎಂದು ಹೊಗಳುತ್ತಾರೆ. ಹೊಟ್ಟೆ ಉರಿಯುತ್ತದೆ, ಆದರೂ ಸಂತೋಷವಾಗುತ್ತದೆ.

ಈ ವರ್ಷ ನನ್ನ ಮೊದಲ ಕಥಾಸಂಕಲನ ಅಚ್ಚಿಗೆ ಹೋಯಿತು. ಮೊದಲ ಪುಸ್ತಕ! ನೆಲದ ಮೇಲೆ ಕಾಲು ನಿಲ್ಲದಷ್ಟು ಸಂಭ್ರಮ. ಪುಸ್ತಕಕ್ಕೆ ಹೆಸರು ಬೇಕಲ್ಲ, ನನಗೆ ಬೇಕಾಗಿದ್ದದ್ದು ಒಂದೇ ಹೆಸರು. ಅದನ್ನು ಮಾವ ಯಾರಿಗೂ ಕೊಡುತ್ತಿರಲಿಲ್ಲ.

‘ಸೂರಿನೊಳಗಣ ಸೋನೆ.’

ಹೇಳಿ ನೋಡಿ ಒಂದು ಸಲ! ಛಾವಣಿಯ ಕೆಳಗೆ, ಮನೆಯ ಒಳಗೆ, ಸಣ್ಣಗೆ ಹನಿಯುವ ಮಳೆ. ಗೃಹಿಣಿಯರ ಕತೆಗಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಮಾವ ಹೊಸದಾಗಿ ಮದುವೆಯಾಗಿ ಅಕ್ಕೂರಿನಲ್ಲಿ ಹೆಣ್ಣು ಕೊಟ್ಟವರ ಮನೆಗೆ ಹೋಗಿದ್ದಾಗ, ನಮ್ಮ ಅತ್ತೆ, ಅಂದರೆ ಅವರ ಹೆಂಡತಿ, ಒಳಗೆಲ್ಲೋ ಕೆಲಸ ಮಾಡುತ್ತ ಈ ಸಾಲನ್ನು ಗುನುಗಿದ್ದರಂತೆ. ಮಾವ ಬದುಕಿನಲ್ಲಿ ಮೊದಲ ಸಲ “ಸಿಕ್ತು!” ಎಂದು ಕೂಗಿದ್ದೇ ಆಗ. ಯಾವ ಕವಿಯದು ಎಂದು ಕೇಳಿದರೆ, “ಯಾವ್ದೋ ಹಳೇ ಪದ” ಎಂದರಂತೆ ಅತ್ತೆ. ಆ ಪದ ಯಾವ ಕಾವ್ಯದ್ದು ಎಂದು ಹುಡುಕಲು ಹೊರಟ ಮಾವ ಇನ್ನೂ ಹುಡುಕುತ್ತಲೇ ಇದ್ದಾರೆ. ಉಳಿದ ತಲೆಬರಹಗಳೆಲ್ಲ ಆ ಹುಡುಕಾಟದ ದಾರಿಯಲ್ಲಿ ಕಾಲಿಗೆ ತೊಡರಿದವು!

ಕೇಳದ ವಿದ್ವಾಂಸರಿಲ್ಲ. ಒಬ್ಬರು ಇದು ವಿರಹಿಣಿಯ ಕಣ್ಣೀರು ಎಂದರು. ಇನ್ನೊಬ್ಬರು, ಸೂರು ಎಂದರೆ ನೆತ್ತಿ, ಸೋನೆ ಎಂದರೆ ಯೋಗಿಗೆ ಒಸರುವ ಅಮೃತ ಎಂದು ಅರ್ಧ ಗಂಟೆ ವಿವರಿಸಿ, ಕಾಫಿ ಕುಡಿದು ಹೋದರು. ಸಾಲು ಎಲ್ಲಿಯದು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

“ಅದನ್ನ ಬುಟ್ಟು ಬ್ಯಾರೆ ಏನಾರ ಕೇಳು ಮಗಾ, ಕೊಟ್ಬುಡ್ತೀನಿ. ಉಳಿದ ಸಾಲು ಬರುದೋರ ಹೆಸರು ನಂಗೊತ್ತು, ಮನಸಲ್ಲೇ ಕೈಮುಗಿದು ಈಸ್ಕಂಡಿವ್ನಿ. ಇದು ಯಾರ್ದು ಅಂತ್ಲೇ ಗೊತ್ತಿಲ್ವಲ್ಲ! ಗೊತ್ತಿಲ್ದೆ ತಗಂಡ್ರೆ ಕಳ್ಳತನ ಅಲ್ವಾ?” ಎಂದರು ಮಾವ.

ಅತ್ತ ಪ್ರಕಾಶಕರು ಫೋನಿನ ಮೇಲೆ ಫೋನು. “ಮೇಡಂ, ಸಂಜೆಯೊಳಗೆ ಹೆಸರು ಹೇಳಿ. ಇಲ್ಲಾಂದ್ರೆ ‘ಹೆಣ್ಣಿನ ಕಣ್ಣೀರು’ ಅಂತ ಹಾಕ್ತೀನಿ. ಕವರಿಗೆ ಕಣ್ಣು ರೆಡಿ ಇದೆ!” ಎಂದು ಒಂದು ದೊಡ್ಡ ಕಣ್ಣಿನ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದರು. ಅದರಿಂದ ನಲ್ಲಿಯಂತೆ ನೀರು ಸುರಿಯುತ್ತಿತ್ತು. ನನ್ನ ಮೊದಲ ಪುಸ್ತಕಕ್ಕೆ ಈ ಗತಿಯೇ? ರಜೆ ಹಾಕಿ ಸ್ಕೂಟರ್ ಹತ್ತಿದೆ.

ಚನ್ನಪಟ್ಟಣದ ಅಂಗಡಿಯಲ್ಲಿ ಮಾವ ಇರಲಿಲ್ಲ. “ಅಕ್ಕೂರಿಗೆ ಹೋಗವ್ರೆ ಟೀಚರಮ್ಮ. ಅಕ್ಕಾವ್ರ ತವರಲ್ಲಿ ರೇಷ್ಮೆ ಹುಳ ದೊಡ್ಡವಾಗವಂತೆ, ಸೊಪ್ಪು ಹಾಕಕ್ಕೆ ಜನ ಸಾಲ್ದು ಅಂತ ಇಬ್ರೂ ಹೋದ್ರು. ನಮ್ಮ ಗೌಡ್ರು ಅಲ್ಲಿ ಏನ್ ಕೆಲಸ ಮಾಡ್ತಾರೋ ಅಲ್ಲಾನೇ ಬಲ್ಲ!” ಎಂದರು ಪಾಷಾ ಭಾಯಿ.

ಮಾವ ಅಲ್ಲಿ ಮಾಡುತ್ತಿದ್ದ ಕೆಲಸವೆಂದರೆ ಹುಳದ ಮನೆಯ ಹೊರಗೆ ಕಲ್ಲಿನ ಮೇಲೆ ಕುಳಿತು ಕಾವ್ಯ ಓದುವುದು. ಅವರಿಗೆ ಒಳಗೆ ಪ್ರವೇಶವಿಲ್ಲ. ಮದುವೆಯಾದಂದಿನಿಂದಲೂ ಇಲ್ಲ! ಕಾರಣ, ನಶ್ಯ. ಹೊಗೆಸೊಪ್ಪಿನ ಸೋಂಕು ತಗುಲಿದರೆ ರೇಷ್ಮೆ ಹುಳ ಒದ್ದಾಡಿ ಸಾಯುತ್ತವಂತೆ. ನಮ್ಮ ಮಾವ ಹೆಂಡತಿಯ ತವರನ್ನು ಬಿಟ್ಟಾರು, ನಶ್ಯದ ಡಬ್ಬಿ ಬಿಡುವವರಲ್ಲ.

“ಮಾವ, ನಿಮ್ಮ ದಮ್ಮಯ್ಯ ಅಂತೀನಿ” ಎಂದು ಶುರು ಮಾಡಿದೆ.

“ಒಸಿ ತಡಿ ಮಗಾ, ಈ ಪುಸ್ತಕದಲ್ಲಿ ಐತೇನೋ ನೋಡ್ತೀನಿ” ಎಂದರು. ಪುಸ್ತಕ ಇಟ್ಟಿಗೆಯಷ್ಟು ದಪ್ಪ ಇತ್ತು.

ತಲೆ ಚಚ್ಚಿಕೊಂಡು, ಅತ್ತೆಯಾದರೂ ಶಿಫಾರಸು ಮಾಡಲಿ ಎಂದು ಕೈಕಾಲು ತೊಳೆದು ಹುಳದ ಮನೆಯ ಒಳಗೆ ಹೋದೆ. ಇದೇ ಸೀಮೆಯವಳಾದರೂ ಪೇಟೆಯಲ್ಲಿ ಬೆಳೆದ ನಾನು ಹುಳದ ಮನೆ ಹೊಕ್ಕಿದ್ದು ಅದೇ ಮೊದಲು. ಅರೆಗತ್ತಲು. ತಟ್ಟೆಗಳ ಮೇಲೆ ಅತ್ತೆ ಹಿಪ್ಪುನೇರಳೆ ಸೊಪ್ಪು ಹರಡುತ್ತ ಬರುತ್ತಿದ್ದರು. ಸೊಪ್ಪು ಬಿದ್ದ ಸ್ವಲ್ಪ ಹೊತ್ತಿಗೆ ಹೊರಗೆ ಸಣ್ಣಗೆ ಮಳೆ ಹಿಡಿದ ಸದ್ದು ಕೇಳಿತು.

“ಅಯ್ಯೋ ಅತ್ತೆ, ಮಳೆ! ಸ್ಕೂಟರ್ ಸೀಟು ನೆನೆಯುತ್ತೆ!” ಎಂದು ಹೊರಗೆ ಓಡಿದೆ. ಹೊರಗೆ ಸುಡು ಬಿಸಿಲು. ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. ಒಳಗೆ ಬಂದರೆ ಮತ್ತೆ ಮಳೆ!

ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. “ಮಳೆಯಲ್ಲ ಕಣವ್ವ, ಹುಳ ಮೇಯ್ತಾ ಅವೆ.”

ನಾನು ಹಾಗೇ ನಿಂತೆ. ಸಾವಿರಾರು ಹುಳುಗಳು ಒಟ್ಟಿಗೆ ಎಲೆ ಮೇಯುವ ಸದ್ದು. ಹೆಂಚಿನ ಕೆಳಗೆ, ಗೋಡೆಗಳ ಒಳಗೆ, ಸಣ್ಣಗೆ, ಎಡೆಬಿಡದೆ. 

“ಅತ್ತೆ! ಸೂರಿನೊಳಗಣ ಸೋನೆ! ಇದೇ ಅಲ್ಲವಾ? ಇದು ಯಾವ ಹಳೇ ಪದವೂ ಅಲ್ಲ. ನಿಮ್ಮದು!”

“ಸುಮ್ಕಿರೇ, ಹೊರಗಡೀಕೆ ಕೇಳಿಸ್ತದೆ” ಎಂದು ಅತ್ತೆ ನನ್ನ ಬಾಯಿ ಮುಚ್ಚಿದರು. ಆಮೇಲೆ ಸೊಪ್ಪು ಹರಡುತ್ತಲೇ ಮೆಲ್ಲಗೆ ಹೇಳಿದರು. “ಆಗ ಮನೆ ಒಳಗೇ ಹುಳ ಸಾಕ್ತಿದ್ದೊ. ಸೊಪ್ಪು ಹಾಕ್ತಾ ಬಾಯಿಗ್ ಬಂದಂಗೆ ಏನೋ ಕಟ್ಕಂಡು ಹಾಡ್ಕತಿದ್ದೆ. ಈ ಮನುಷ್ಯ ಹೊರಗಿಂದ ಕಿರುಚ್ಕಂಡು, ಯಾವ ಮಹಾಕವಿ ಬರುದಿದ್ದು ಅಂದ್ರು. ಮಹಾಕವಿ ಅಂದ್ಮೇಲೆ ನಂದು ಅನ್ನಕ್ಕೆ ನಾಚ್ಕೆ ಆಯ್ತು.”

“ಆಮೇಲಾದರೂ ಹೇಳಬಾರದಿತ್ತಾ?”

“ಯೋಳಾನ ಅಂದ್ಕಂಡಾಗೆಲ್ಲ ಹೊಸಾ ಪುಸ್ತಕ ತಂದಿರೋರು. ನನ್ನ ಒಂದ್ ಮಾತ್ಗೆ ಎಷ್ಟು ಕವಿಗಳ ಮನೆ ಬಾಗ್ಲು ತಟ್ಟವ್ರೆ ನೋಡವ್ವ! ಯಾವ ಹೆಂಗಸಿಗೈತೆ ಆ ಯೋಗ? ಹುಡುಕ್ಲಿ ಅಂತ ಸುಮ್ನಾದೆ.”

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಪ್ರಕಾಶಕರದು. ನಾನು ಎತ್ತಲಿಲ್ಲ. ಈ ಗುಟ್ಟು ಗುಟ್ಟಾಗಿಯೇ ಇರಲಿ, ನನ್ನ ಪುಸ್ತಕದ ಮೇಲೆ ಆ ಕಣ್ಣೇ ಸುರಿಯಲಿ ಎಂದುಕೊಂಡೆ. ಆದರೆ ಅತ್ತೆ ನನ್ನ ಮುಖ ನೋಡಿದರು, ಫೋನು ನೋಡಿದರು. ಕೈ ಕೊಡವಿಕೊಂಡು ಬಾಗಿಲಿಗೆ ಹೋಗಿ ನಿಂತರು.

“ಕೇಳಿ ಇಲ್ಲಿ. ಕೂಸಿಗೆ ಆ ಹೆಸರು ಕೊಟ್ಬುಡಿ.”

“ಯಾರ್ದು ಅಂತ ಗೊತ್ತಿಲ್ದೆ ಹೆಂಗಮ್ಮಿ ಕೊಡ್ಲಿ?”

“ನಂದು.”

ಮಾವನ ಕೈಯಲ್ಲಿದ್ದ ನಶ್ಯದ ಚಿಟಿಕೆ ಮೂಗಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಅತ್ತೆಯ ಮುಖ ನೋಡಿದರು. ಬಾಗಿಲಿನಾಚೆಯ ಸದ್ದಿಗೆ ಕಿವಿಗೊಟ್ಟರು. ಅರ್ಥವಾಯಿತು ಎಂದು ಅವರ ಮುಖವೇ ಹೇಳಿತು. ಈಗ ಕೂಗುತ್ತಾರೆ, ಅಕ್ಕೂರೇ ಎದ್ದು ಬರುವಂತೆ “ಸಿಕ್ತು!” ಎನ್ನುತ್ತಾರೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಮಾವ ಕೂಗಲಿಲ್ಲ. ಇಟ್ಟಿಗೆಯಂಥ ಆ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು.

“ಒಡತಿ ಒಪ್ಪವ್ಳೆ, ತಗೋ ಮಗಾ” ಎಂದು ನನಗೆ ಹೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ನಾನು ಎಂದೂ ಅವರ ಬಾಯಲ್ಲಿ ಕೇಳದ ಮಾತೊಂದನ್ನು ಕೇಳಿದರು.

“ಮುಂದಿನ ಸಾಲು ಏನಮ್ಮಿ?”

“ಎಲ್ಲಿತ್ತು ಮುಂದಿನ ಸಾಲು? ಕಟ್ಟಾನ ಅನ್ನೋದ್ರೊಳಗೆ ನೀವು ಕಿರುಚ್ಕಂಡ್ಬುಟ್ರಲ್ಲ!”

ಮಾವ ಎದ್ದರು. ನಶ್ಯದ ಡಬ್ಬಿಯನ್ನು ದೂರದ ಬೇಲಿಯ ಆಚೆ ಎಸೆದರು. ನಲ್ಲಿಯ ಹತ್ತಿರ ಹೋಗಿ ಕೈ, ಕಾಲು, ಮುಖ, ಮೂಗು ಎಲ್ಲವನ್ನೂ ಉಜ್ಜಿ ಉಜ್ಜಿ ತೊಳೆದರು. ಬಂದು ಹೊಸ್ತಿಲಿನ ಹೊರಗೇ, ಚಿಕ್ಕ ಹುಡುಗನಂತೆ ಚಕ್ಕಳಮಕ್ಕಳ ಹಾಕಿ ಕುಳಿತರು.

“ಈಗ ಕಟ್ಟು. ನಾನು ಸುಮ್ಕಿರ್ತೀನಿ.”

ಅತ್ತೆ ಒಳಗೆ ಹೋಗಿ ಸೊಪ್ಪಿನ ಬುಟ್ಟಿ ಎತ್ತಿಕೊಂಡರು. ಹುಳುಗಳು ಮೇಯುತ್ತಿದ್ದವು. ಮಾವ ಬಾಗಿಲಿಗೆ ಕಿವಿಯಿಟ್ಟು, ಬಾಯಿಗೆ ಅಂಗೈ ಒತ್ತಿ ಹಿಡಿದು ಕಾಯುತ್ತಿದ್ದರು. ಒಳಗಿನಿಂದ ಅತ್ತೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.