ಮಟ್ಟಕ್ಕೆ ಬಂದ ಲೇತು

ಮನೆ ಮಾಲೀಕರು ಮಹಡಿ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಇಷ್ಟೇ: "ಸಾಯಂಕಾಲ ಐದಕ್ಕೆ ಬಂದು ನೋಡ್ತೀನಿ. ಮನೆ ನಡುಗಿದ್ರೆ ಆ ಯಂತ್ರ ಗೇಟಿನಾಚೆ!"

ಕೆಳಗೆ ಬಾಡಿಗೆಗಿದ್ದ ಗ್ರಂಥಾಲಯದ ಗುಮಾಸ್ತರು "ಆಗಲಿ ಸಾರ್" ಎಂದರು. ಅವರ ಬೆನ್ನ ಹಿಂದೆ, ಮುಂಬಾಗಿಲ ಕೋಣೆಯ ಬೆಂಚಿನ ಮೇಲೆ, ಆಗಷ್ಟೇ ಪೆಟ್ಟಿಗೆಯಿಂದ ಹೊರಬಂದ ಹೊಸ ಲೇತು ಕೂತಿತ್ತು. ಕಬ್ಬಿಣ, ಹಿತ್ತಾಳೆಯ ತುಂಡುಗಳನ್ನು ಗಿರಗಿರನೆ ತಿರುಗಿಸಿ ಕಡೆಯುವ ಯಂತ್ರ. ಗ್ರಂಥಾಲಯದಲ್ಲಿ ಇನ್ಯಾರೂ ಮುಟ್ಟದ ಲೇತಿನ ಪುಸ್ತಕಗಳನ್ನು ಗುಮಾಸ್ತರೊಬ್ಬರೇ ಇಪ್ಪತ್ತು ವರ್ಷ ಓದಿ ಓದಿ ಹಾಳೆ ಸವೆಸಿದ್ದರು. ಯಂತ್ರವನ್ನು ಕೈಯಾರೆ ಮುಟ್ಟಿದ್ದು ಮಾತ್ರ ಇವತ್ತೇ.

ಮುಟ್ಟಿದ್ದೇ ತಡ, ಕೈ ಅಂಟಿಕೊಂಡಿತು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಅದರ ಮೈತುಂಬ ಕಂದು ಗ್ರೀಸು ಬಳಿದಿದ್ದರು. ಹೊರಡುತ್ತೇನೆ ಎನ್ನುತ್ತಲೇ ಮತ್ತೆ ಕೂರುವ ನೆಂಟನ ಹಾಗೆ, ಎಷ್ಟು ಒರೆಸಿದರೂ ಅದು ಹೋಗಲೊಲ್ಲದು. ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ ಉಜ್ಜಿದಾಗ ಗ್ರೀಸು ಲೇತನ್ನು ಬಿಟ್ಟು ಊರ ಮೇಲೆ ಹೊರಟಿತು. ಬಾಗಿಲ ಚಿಲಕಕ್ಕೆ, ಕನ್ನಡಕಕ್ಕೆ, ಫೋನಿಗೆ, ಕೊನೆಗೆ ಗುಮಾಸ್ತರ ಮೂಗಿನ ತುದಿಗೆ.

"ರೀ, ಆ ಚಿಂದಿ ಎಲ್ಲಿ ಸಿಕ್ತು ನಿಮಗೆ?" ಹೆಂಡತಿ ಒಳಗಿನಿಂದ ಬಂದು ಕೇಳಿದಳು.

"ಕಪಾಟಿನ ಕೆಳಗಿತ್ತು."

"ಅದು ಚಿಂದಿ ಅಲ್ಲ, ನಿಮ್ಮ ಇಸ್ತ್ರಿ ಮಾಡಿದ ಶರ್ಟು."

ಅಷ್ಟರಲ್ಲಿ ಸೀಮೆಎಣ್ಣೆ ವಾಸನೆ ಹಿಡಿದು ಇಬ್ಬರು ಒಳಬಂದರು. ಒಬ್ಬರು ಪಕ್ಕದ ಮನೆಯ ವಿಮೆ ಏಜೆಂಟರು, ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ. ಇನ್ನೊಬ್ಬರು ಎದುರು ಮನೆಯ ನಿವೃತ್ತ ಕಂಪೌಂಡರು.

"ಸೀಮೆಎಣ್ಣೆಲಿ ತೊಳೀತಾರೇನ್ರೀ?" ಕಂಪೌಂಡರು ತಲೆ ಚಚ್ಚಿಕೊಂಡರು. "ಆಸ್ಪತ್ರೇಲಿ ಕತ್ತರಿ, ಚಿಮಟ ಎಲ್ಲ ಬಿಸಿನೀರು, ಸೋಪು. ಅಷ್ಟೇ!"

"ಬೇಡ ಸಾರ್, ಪುಸ್ತಕದಲ್ಲಿ..." ಎಂದರು ಗುಮಾಸ್ತರು. ಆದರೆ ದಿನವಿಡೀ ಪಿಸುದನಿಯಲ್ಲೇ ಮಾತಾಡಿ ರೂಢಿಯಾಗಿದ್ದ ಅವರ ದನಿ ಮನೆಯಲ್ಲೂ ಅಷ್ಟೇ ಏಳುತ್ತಿತ್ತು. ಯಾರಿಗೂ ಕೇಳಿಸಲಿಲ್ಲ. ಅವರು ಮುಖ ತೊಳೆದು ಬರುವಷ್ಟರಲ್ಲಿ ಕಂಪೌಂಡರು ಒಂದು ಬಕೆಟ್ ಬಿಸಿನೀರು ಸುರಿದು, ಮಗುವಿಗೆ ಸ್ನಾನ ಮಾಡಿಸಿದವರಂತೆ ನಗುತ್ತ ನಿಂತಿದ್ದರು.

ಅರ್ಧ ಗಂಟೆಯಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದ್ದ ಲೇತಿನ ಮೈಮೇಲೆ ಕಿತ್ತಳೆ ಬಣ್ಣದ ತುಕ್ಕು ಅರಳಿತು.

ಗುಮಾಸ್ತರು ಧೊಪ್ಪನೆ ಕುರ್ಚಿಯಲ್ಲಿ ಕುಸಿದರು. "ಇಪ್ಪತ್ತು ವರ್ಷ ಕಾದಿದ್ದೆ ಕಣೇ," ಎಂದರು ಹೆಂಡತಿಗೆ. ಕಣ್ಣಲ್ಲಿ ನೀರಾಡಿತು.

ಅವಳು ಬೆಳಗ್ಗೆಯಿಂದ ಗೊಣಗುತ್ತಲೇ ಇದ್ದವಳು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಈಗ್ತಾನೆ ಬಂದಿರೋ ತುಕ್ಕು, ಇನ್ನೂ ಬೇರು ಬಿಟ್ಟಿಲ್ಲ. ಪುಸ್ತಕ ಏನ್ ಹೇಳುತ್ತೆ?"

"ಎಣ್ಣೆ ಹಾಕಿ ನಯವಾದ ಉಕ್ಕಿನ ನಾರಲ್ಲಿ ಉಜ್ಜಬೇಕು."

"ಹಾಗಾದ್ರೆ ಏಳಿ. ನೀವೂ ಬನ್ನಿ ಕಂಪೌಂಡರೇ, ಪುಣ್ಯ ಕಟ್ಕೊಳ್ಳಿ."

ಎರಡು ಗಂಟೆ ಉಜ್ಜಾಟ. ತುಕ್ಕು ಹೋಯಿತು. ಒರೆಸಿ, ತೆಳುವಾಗಿ ಎಣ್ಣೆ ಸವರಿದ ಮೇಲೆ ಲೇತು ಮತ್ತೆ ಮದುಮಗನಂತೆ ಮಿಂಚಿತು.

ಇನ್ನು ಉಳಿದದ್ದು ಮಟ್ಟ. ಲೇತು ಸ್ವಲ್ಪ ವಾಲಿದರೂ ನಡುಗುತ್ತದೆ. ಗುಮಾಸ್ತರು ಅದರ ಮೇಲೆ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನೋಡುತ್ತ, ಬೆಂಚಿನ ಕಾಲಿಗೆ ತಗಡಿನ ಚೂರು ತುರುಕಿದರು. ಗುಳ್ಳೆ ನಡುವಿಗೆ ಬಂತು. ಬೋಲ್ಟು ಬಿಗಿದು ನೋಡಿದರೆ ಎಡಕ್ಕೆ ಓಡಿತ್ತು. ಎಡಕ್ಕೆ ಸರಿಮಾಡಿದರೆ ಬಲಕ್ಕೆ. ಮೂರೂವರೆಯಾದರೂ ಗುಳ್ಳೆ ಮಾತು ಕೇಳಲಿಲ್ಲ.

"ನೆಲವೇ ಸರಿ ಇಲ್ಲ ಕಣ್ರೀ," ಎಂದರು ಏಜೆಂಟರು, ಚಹಾ ಹೀರುತ್ತ.

ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ರೀ, ಇವರು ಬೆಂಚಿನ ತುದಿ ಮೇಲೆ ಕೂತಿದಾರೆ. ಎದ್ದಾಗೊಂದು ಮಟ್ಟ, ಕೂತಾಗೊಂದು ಮಟ್ಟ!"

ಆಗ ಗುಮಾಸ್ತರ ಗಂಟಲಿಂದ, ಮದುವೆಯಾದ ಮೇಲೆ ಹೆಂಡತಿಯೂ ಕೇಳಿರದ ದನಿಯೊಂದು ಹೊರಬಂತು. "ಎಲ್ರೂ ಗೋಡೆಗೆ ಹೋಗಿ ನಿಂತ್ಕೊಳ್ಳಿ! ನಾನು ಹೇಳೋವರೆಗೂ ಯಾರೂ ಅಲ್ಲಾಡಕೂಡದು!"

ಏಜೆಂಟರು ಚಹಾ ಲೋಟದ ಸಮೇತ ಗೋಡೆಗೆ ಅಂಟಿಕೊಂಡರು. ಹತ್ತೇ ನಿಮಿಷದಲ್ಲಿ ಗುಳ್ಳೆ ನಡುವೆ ಬಂದು ತೆಪ್ಪಗೆ ಕೂತಿತು.

ಐದಕ್ಕೆ ಸರಿಯಾಗಿ ಮಾಲೀಕರು ಬಂದರು. ಕೈಯಲ್ಲಿ ತುಂಬಿದ ನೀರಿನ ಲೋಟ. ಅದನ್ನು ಲೇತಿನ ನೆತ್ತಿಯ ಮೇಲೇ ಇಟ್ಟು, "ಹೂಂ, ಓಡಿಸಿ" ಎಂದರು.

ಗುಮಾಸ್ತರು ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಲೇತು ಬೆಕ್ಕಿನಂತೆ ಗುರುಗುಟ್ಟಿತು. ಉಳಿಯನ್ನು ಮೆಲ್ಲಗೆ ಮುಂದೊತ್ತಿದಾಗ ಹಿತ್ತಾಳೆಯ ತುಂಡಿನಿಂದ ಚಿನ್ನದ ಪುಡಿ ಚಿಮ್ಮಿತು. ಲೋಟದ ನೀರಿನಲ್ಲಿ ಒಂದು ಅಲೆಯಿಲ್ಲ.

ಕಂಪೌಂಡರು ಚಪ್ಪಾಳೆ ತಟ್ಟಿದರು. ಹೆಂಡತಿ ಆ ಪುಡಿಯನ್ನು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಭೇಷ್!" ಮಾಲೀಕರು ಗುಮಾಸ್ತರ ಬೆನ್ನು ತಟ್ಟಿದರು. "ನಾನೇನೋ ಅಂದ್ಕೊಂಡಿದ್ದೆ. ಇಂಥ ಯಂತ್ರಾನ ಈ ಇಕ್ಕಟ್ಟಲ್ಲಿ ಯಾಕ್ರೀ ಇಟ್ಟಿದೀರಿ? ಹಿತ್ತಿಲಲ್ಲಿ ನನ್ನ ಶೆಡ್ಡು ಖಾಲಿ ಬಿದ್ದಿದೆ. ಇನ್ಮೇಲೆ ಅದು ನಿಮ್ಮದು, ಒಂದು ಪೈಸೆ ಬೇಡ."

ಗುಮಾಸ್ತರು ಹಿತ್ತಿಲ ಕಡೆಗೆ ಕತ್ತು ಚಾಚಿದರು. ಸ್ವಂತ ಕಾರ್ಯಾಗಾರ! ಪುಸ್ತಕದ ಚಿತ್ರಗಳಲ್ಲಿ ಇದ್ದ ಹಾಗೇ!

"ನಾಳೆನೇ ಸಾಗಿಸಿಬಿಡಿ," ಮಾಲೀಕರು ಲೋಟ ಎತ್ತಿಕೊಂಡು ಬಾಗಿಲಿಗೆ ಹೊರಟರು. "ಬಿಚ್ಚಿ ಒಯ್ಯಬೇಕಾಗುತ್ತೆ, ಶೆಡ್ಡಿನ ಬಾಗಿಲು ಚಿಕ್ಕದು. ಮತ್ತೆ... ನೆಲ ಒಂಚೂರು ಮೋರಿ ಕಡೆ ಇಳಿಜಾರಿದೆ. ಅದೇನು ದೊಡ್ಡದಲ್ಲ ಬಿಡಿ, ನಿಮಗಂತೂ ಮಟ್ಟ ಮಾಡೋ ಕೈಚಳಕ ಗೊತ್ತಿದೆ."

ಗುಮಾಸ್ತರು ಅಷ್ಟು ಕಷ್ಟಪಟ್ಟು ಬಿಗಿದ ಬೋಲ್ಟುಗಳನ್ನು ಒಂದೊಂದಾಗಿ ನೋಡಿದರು. ಏಜೆಂಟರು ಗೋಡೆ ಬಿಟ್ಟು ಮುಂದೆ ಬಂದು, ಆಗಲೇ ಅಂಗಿಯ ತೋಳು ಮಡಿಸುತ್ತ ಕೇಳಿದರು:

"ಹಾಗಾದ್ರೆ ನಾಳೆ ಎಷ್ಟು ಗಂಟೆಗೆ ಬರೋಣ?"

ಬರಲೇಬೇಡಿ ಎನ್ನಲು ಗುಮಾಸ್ತರು ಬಾಯಿ ತೆರೆದರು. ಹೊರಬಂದ ಮಾತು ಕೇಳಿ ಅವರಿಗೇ ಆಶ್ಚರ್ಯವಾಯಿತು.

"ಏಳಕ್ಕೇ ಬಂದುಬಿಡಿ," ಎಂದಿದ್ದರು.